ದೊಡ್ಡಪ್ಪನನ್ನು ಕೇಳಿ ಹೇಳುತ್ತೇನೆ

ನಮ್ಮ ಕಡೆ ಡೈವೋರ್ಸ್ ಆದ ಯಾವ ಮನೆಯ ವಿಷಯ ಎತ್ತಿದರೂ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ಹುಡುಗಿ ನಾಲ್ಕಕ್ಷರ ಓದಿದಳು, ಕೈಗೆ ಮೊಬೈಲ್ ಬಂತು, ಹೊಂದಿಕೊಂಡು ಹೋಗುವ ಗುಣ ಹೋಯಿತು, ಯಾರೋ ವಕೀಲರು ತಲೆ ಕೆಡಿಸಿದರು, ಮನೆ ಮುರಿಯಿತು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೂತವರೂ ಇದನ್ನೇ ಹೇಳುತ್ತಾರೆ, ತುರುವೇಕೆರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರೂ ಇದನ್ನೇ ಹೇಳುತ್ತಾರೆ. ಕಾಲೇಜು ದಿನಗಳನ್ನೆಲ್ಲ ಚರ್ಚಾಸ್ಪರ್ಧೆಯಲ್ಲೇ ಕಳೆದವಳು ನಾನು. ಎಲ್ಲರೂ ಒಂದೇ ಮಾತು ಹೇಳತೊಡಗಿದರೆ ನನಗೆ ಒಂದು ಅನುಮಾನ ಬರುತ್ತದೆ: ಇವರಲ್ಲಿ ಒಬ್ಬರಾದರೂ ಹೋಗಿ ನೋಡಿ ಬಂದಿದ್ದಾರೆಯೇ?

ನಾನು ನೋಡಿ ಬಂದಿದ್ದೇನೆ. ಕರಿಕೋಟು ಹಾಕಿಕೊಂಡು, ಬೇಸಿಗೆಯಲ್ಲಿ ಅದರೊಳಗೆ ಬೆಂದುಕೊಂಡು, ವರ್ಷಗಟ್ಟಲೆ ನೋಡಿದ್ದೇನೆ. ಓದಿದ ಹುಡುಗಿಯರೂ ಬಂದರು, ಓದದವರೂ ಬಂದರು. ಮೊಬೈಲ್ ಅಂತೂ ಗಂಡಂದಿರ ಕೈಯಲ್ಲೇ ಜಾಸ್ತಿ ಇರುತ್ತಿತ್ತು. ವಕೀಲರು ತಲೆ ಕೆಡಿಸಿದರು ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ: ನಾವು ಹೇಳಿದ ಹಾಗೆ ಕೇಳುವ ಕಕ್ಷಿದಾರರು ಈ ಮೂರು ತಾಲ್ಲೂಕಿನಲ್ಲಿ ಎಲ್ಲಿದ್ದಾರೆ ತೋರಿಸಿ. ದಾಖಲೆ ತನ್ನಿ ಎಂದರೆ ಎಳನೀರು ತರುತ್ತಿದ್ದರು.

ಮೂವತ್ತಮೂರನೇ ವಯಸ್ಸಿಗೆ ನಿವೃತ್ತಿ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಕಾನೂನು ಕಾಲೇಜಿನಲ್ಲಿ ಪಾಠ ಹೇಳಲು ಹೊರಟ ದಿನ ನಮ್ಮ ವಕೀಲರ ಸಂಘದವರು ಶಾಲು ಹೊದಿಸಿ, ಕೈಗೊಂದು ತೆಂಗಿನ ಸಸಿ ಕೊಟ್ಟು, "ಇನ್ನು ನಮ್ಮ ಕೋರ್ಟಿಗೆ ಸ್ವಲ್ಪ ಶಾಂತಿ" ಎಂದು ಭಾಷಣ ಮಾಡಿದರು. ಶಾಲು ಹೊದಿಸಿದ ಮೇಲೆ ನಿವೃತ್ತಿಯೇ. ಈಗ ಕೋಟು ಹೊಲಿಸಿಕೊಳ್ಳುತ್ತಿರುವ ನನ್ನ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಲಂಗಳು ಪುಸ್ತಕದಲ್ಲಿವೆ. ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ.

ಮೊದಲನೆಯದು, ನಿಮ್ಮ ಬಳಿ ಬರುವವರಲ್ಲಿ ಅನೇಕರು ತಮಗೆ ಆಗಲೇ ಡೈವೋರ್ಸ್ ಆಗಿದೆ ಎಂದುಕೊಂಡೇ ಬರುತ್ತಾರೆ. ಅಮ್ಮಸಂದ್ರದ ಕಡೆಯ ಒಬ್ಬಾತ ಎದೆಯುಬ್ಬಿಸಿ ಹೇಳಿದ್ದ: "ನಂದು ಆಗೋಗೈತೆ ಮೇಡಂ, ಪಂಚಾಯ್ತಿ ಸೇರ್ಸಿ ಛಾಪಾ ಕಾಗ್ದದ ಮೇಲೆ ಬರ್ಸಿದೀವಿ, ಹತ್ತು ಜನ ಸೈನ್ ಹಾಕವ್ರೆ." ಹತ್ತು ಜನ ಸಹಿ ಹಾಕಿದ್ದು ನಿಜ. ಆದರೆ ಆ ಹತ್ತು ಜನ ಸಹಿ ಹಾಕಿದರೆ ಒಂದು ಬೇಲಿಯ ಜಗಳ ಮುಗಿಯಬಹುದು, ಮದುವೆ ಮುಗಿಯುವುದಿಲ್ಲ. ಕೆಲವು ಸಮುದಾಯಗಳ ರೂಢಿಯ ಬಿಡುಗಡೆಗೆ ಕಾನೂನಿನಲ್ಲಿ ಜಾಗ ಉಂಟು, ಸರಿ. ಆದರೆ ಆ ರೂಢಿ ಇದೆಯೆಂದು ನ್ಯಾಯಾಲಯದ ಮುಂದೆ ಸಾಬೀತು ಮಾಡಬೇಕು. ಇದನ್ನು ವಿವರಿಸಿದಾಗ ಆತ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಅವತ್ತು ಹಾಕ್ಸಿದ್ ಊಟ ದಂಡವಾ?" ಇನ್ನೊಬ್ಬಾಕೆ, ಗಂಡನ ವಕೀಲರಿಂದ ನೋಟಿಸು ಬಂದಿದ್ದೇ ಡೈವೋರ್ಸ್ ಎಂದುಕೊಂಡು ತಾಳಿ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದ್ದಳು. ನೋಟಿಸು ಬರೀ ಪತ್ರ ಕಣಮ್ಮ, ತೀರ್ಪಲ್ಲ ಎಂದು ತಿಳಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಎರಡನೆಯದು, ಕೊಬ್ಬರಿ ಹರಾಜಿನ ದಿನ ವಾಯಿದೆ ತೆಗೆದುಕೊಳ್ಳಬೇಡಿ. ನ್ಯಾಯಾಧೀಶರು ಬರುತ್ತಾರೆ, ನೀವು ಬರುತ್ತೀರಿ, ಕಕ್ಷಿದಾರ ಬರುವುದಿಲ್ಲ. ವಿಡಿಯೋ ಕಾನ್ಫರೆನ್ಸ್ ಬಂದ ಮೇಲೆ ಇದು ಸರಿಹೋದೀತು ಎಂದುಕೊಂಡಿದ್ದೆ. ಒಬ್ಬ ತೋಟದಲ್ಲೇ ನಿಂತು ಹಾಜರಾದ. ಸಾಕ್ಷ್ಯ ಹೇಳುತ್ತಿರುವಾಗ ಅವನ ಹಿಂದೆ ದಪ್ ಎಂದು ಒಂದು ಕಾಯಿ ಬಿತ್ತು. ನ್ಯಾಯಾಧೀಶರು ಕುರ್ಚಿಯಲ್ಲೇ ಬೆಚ್ಚಿ, "ರೀ, ಮೊದಲು ಆ ಮರದ ಕೆಳಗಿಂದ ಈಚೆ ಬನ್ರೀ!" ಎಂದು ಆದೇಶ ಕೊಟ್ಟರು. ಅವರ ಅಷ್ಟೂ ಆದೇಶಗಳಲ್ಲಿ ತಕ್ಷಣ ಪಾಲನೆಯಾದದ್ದು ನಾನು ಕಂಡಂತೆ ಅದೊಂದೇ.

ಇನ್ನು ವನಜಾಕ್ಷಿಯ ವಿಷಯ. ಕೆಲಸ ಅಂದರೆ ಏನು ಎಂದು ನನಗೆ ಗೊತ್ತಾಗಿದ್ದು ಆ ಒಂದು ಪ್ರಕರಣದಿಂದ.

ನಾನಾಗ ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲೆ. ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುತ್ತಾರೆ. ಕೋರ್ಟಿನ ಆವರಣದಲ್ಲೇ ಕಚೇರಿ ಇರುತ್ತದೆ, ಒಂದು ಅರ್ಜಿ ಕೊಟ್ಟರೆ ಸಾಕು. ಇದು ನಮ್ಮ ಊರಿನವರಿಗೆ ಗೊತ್ತಿಲ್ಲ, ಗೊತ್ತಾದರೂ ನಂಬುವುದಿಲ್ಲ. ವನಜಾಕ್ಷಿಯೂ ನಂಬಿರಲಿಲ್ಲ. ಮಾಯಸಂದ್ರದ ತವರಿನಿಂದ ಬಸ್ಸಿಳಿದು ಬಂದು ನನ್ನ ಎದುರು ಕೂತು, "ಪುಗಸಟ್ಟೆ ಅಂತಾರೆ, ಹಂಗಾದ್ರೆ ನೀವು ಪೂರ್ತಿ ಓದಿದೀರಾ ಮೇಡಂ?" ಎಂದು ಮೊದಲು ನನ್ನನ್ನೇ ವಿಚಾರಣೆ ಮಾಡಿದಳು. ನನಗೆ ಆಗಲೇ ಅವಳು ಇಷ್ಟವಾದಳು.

ಮದುವೆಯಾಗಿ ಏಳು ವರ್ಷ. ಮಕ್ಕಳಿಲ್ಲ. ಗಂಡ ಲೋಕೇಶ, ಸಂಪಿಗೆಯ ಹತ್ತಿರದ ಹಳ್ಳಿಯವನು, ಒಳ್ಳೆಯ ತೋಟ. ವರ್ಷದ ಮೇಲಾಯಿತು ತವರಿಗೆ ಬಂದು.

"ಹೊಡೀತಾರಾ?"

"ಇಲ್ಲ ಮೇಡಂ."

"ಕುಡೀತಾರಾ?"

"ಕಾಪಿ ಕುಡೀತಾರೆ."

"ಬೇರೆ ಯಾರಾದರೂ ಹೆಂಗಸು?"

ಅವಳು ನಕ್ಕುಬಿಟ್ಟಳು. "ಅದುಕ್ಕೂ ದೊಡ್ಡಪ್ಪನ್ನ ಕೇಳ್ಬೇಕಲ್ಲ ಮೇಡಂ."

ದೊಡ್ಡಪ್ಪ ಎಂದರೆ ಮರುಳಪ್ಪನವರು. ಲೋಕೇಶನ ತಂದೆ ಬೇಗ ತೀರಿಹೋಗಿ, ಹುಡುಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು. ಕೊಬ್ಬರಿಯಲ್ಲಿ ಅವರ ಕಿವಿಗೆ ಊರೇ ಬೆಲೆ ಕೊಡುತ್ತಿತ್ತು. ಅಟ್ಟದ ಮೇಲಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿಯ ಗಿಟುಕು ಒಣಗಿ ಚಿಪ್ಪಿನಿಂದ ಕಳಚಿಕೊಂಡಿದೆಯೋ ಇನ್ನೂ ನೀರಾಡುತ್ತಿದೆಯೋ ಹೇಳಿದರೆ ಅದೇ ಕೊನೆಯ ಮಾತು. ತೊಂದರೆ ಏನೆಂದರೆ ಅವರು ಮನೆಯಲ್ಲಿ ಎಲ್ಲವನ್ನೂ ಹಾಗೇ ಅಲ್ಲಾಡಿಸಿ ತೀರ್ಮಾನಿಸುತ್ತಿದ್ದರು. ಗೋಡೆಗೆ ಯಾವ ಬಣ್ಣ, ಸಾರಿಗೆ ಯಾವ ಬೇಳೆ, ಸೊಸೆ ತವರಿಗೆ ಯಾವ ಬಸ್ಸಿಗೆ ಹೋಗಬೇಕು, ಎಲ್ಲ. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

"ಒಂದ್ ಯುಗಾದಿ ಹಬ್ಬದಲ್ಲಿ ಹೊಸ ಸೀರೆ ಉಟ್ಕಂಡು ಇವ್ರ ಮುಂದೆ ಹೋಗಿ ನಿಂತೆ ಮೇಡಂ," ಎಂದಳು ವನಜಾಕ್ಷಿ. "ಹೆಂಗೈತ್ರೀ ಅಂದೆ. ಇರು, ದೊಡ್ಡಪ್ಪ ಬರ್ಲಿ ಅಂದ್ರು."

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ನಗು ಮುಗಿದ ಮೇಲೆ ಸೆರಗಿನ ತುದಿ ಸುತ್ತುತ್ತಾ, "ನಗಿ ಬುಡಿ ಮೇಡಂ, ಎಲ್ರೂ ನಗ್ತಾರೆ. ಏಳು ವರ್ಷ ನಕ್ಕಂಡೇ ಇರಕ್ಕಾಗುತ್ತಾ?" ಎಂದಳು.

ಅವತ್ತು ಸಂಜೆ ಡೈವೋರ್ಸಿಗೆ ಯಾವ ಕಾರಣ ಹೂಡಬಹುದು ಎಂದು ವಿವಾಹ ಕಾಯಿದೆ ತೆರೆದು ಕೂತೆ. ಕ್ರೌರ್ಯ ಇದೆ, ಪರಿತ್ಯಾಗ ಇದೆ, ಮತಾಂತರ ಇದೆ, ಸನ್ಯಾಸ ಕೂಡ ಇದೆ. ದೊಡ್ಡಪ್ಪ ಇಲ್ಲ. ಆದರೂ ಬಿಡಲಿಲ್ಲ. ಮಾನಸಿಕ ಕ್ರೌರ್ಯ ಎಂದು ಶೀರ್ಷಿಕೆ ಕೊಟ್ಟು, ಸೀರೆಯಿಂದ ಶುರುಮಾಡಿ ವ್ಯಕ್ತಿಸ್ವಾತಂತ್ರ್ಯದವರೆಗೆ ಒಂದು ಉದ್ದನೆಯ ಅರ್ಜಿ ಬರೆದು, ನನ್ನ ಸೀನಿಯರ್ ಪರಮೇಶ್ವರಯ್ಯನವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಮೊದಲ ಪುಟ ಓದಿದರು. ಎರಡನೇ ಪುಟದಲ್ಲಿ ಕನ್ನಡಕ ಇಳಿಸಿದರು.

"ಇದಕ್ಕೆ ಮೊದಲ ಬಹುಮಾನ ಬರುತ್ತೆ ಕಣಮ್ಮ. ಡಿಕ್ರಿ ಬರಲ್ಲ."

"ಯಾಕೆ ಸಾರ್? ಒಬ್ಬ ಮನುಷ್ಯನಿಗೆ ಸ್ವಂತ ಮಾತೇ ಇಲ್ಲ ಅಂದ್ರೆ ಹೆಂಡತಿಗೆ ಅದು ಹಿಂಸೆ ಅಲ್ವಾ?"

"ಹಿಂಸೆ ಹೌದು. ಸಾಬೀತು ಹೆಂಗೆ ಮಾಡ್ತೀಯ? ಮೆತ್ತಗಿರೋ ಗಂಡ, ದೊಡ್ಡೋರಿಗೆ ಮರ್ಯಾದೆ ಕೊಡ್ತಾನೆ ಅಂತ ಎದುರು ವಕೀಲರು ಒಂದು ಸಾಲು ಹೇಳ್ತಾರೆ. ಅಲ್ಲಿಗೆ ನಿನ್ನ ಭಾಷಣ ಮುಗೀತು. ವರ್ಷಗಟ್ಟಲೆ ಅಲೀಬೇಕಾಗುತ್ತೆ ಆ ಹುಡುಗಿ. ಒಪ್ಪಿಗೆ ಡೈವೋರ್ಸ್ ನೋಡು."

ಪರಸ್ಪರ ಒಪ್ಪಿಗೆಯ ವಿಚ್ಛೇದನ ಎಂದರೆ ಗಂಡ ಹೆಂಡತಿ ಇಬ್ಬರೂ ಸೇರಿ ಹಾಕುವ ಅರ್ಜಿ. ಒಂದು ವರ್ಷವಾದರೂ ಬೇರೆ ಬೇರೆ ಬದುಕಿರಬೇಕು. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ತಕ್ಕ ಕಾರಣವಿದ್ದರೆ ನ್ಯಾಯಾಲಯ ಇದನ್ನು ಮನ್ನಾ ಮಾಡಲೂಬಹುದು. ಆಮೇಲೆ ಇಬ್ಬರೂ ಮತ್ತೆ ಬಂದು, ಮನಸ್ಸು ಬದಲಾಗಿಲ್ಲ ಎಂದು ಹೇಳಬೇಕು. ಅಷ್ಟರೊಳಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂತೆಗೆದುಕೊಂಡರೆ ಅರ್ಜಿ ಬಿದ್ದುಹೋಗುತ್ತದೆ. ಕಾರಣ ಕೇಳುವುದಿಲ್ಲ, ಕೆಸರು ಎರಚುವುದಿಲ್ಲ. ಇಬ್ಬರೂ ಸ್ವಂತ ಬಾಯಿಂದ ಒಪ್ಪಿಗೆ ಎನ್ನಬೇಕು, ಅಷ್ಟೇ.

ಸ್ವಂತ ಬಾಯಿ! ಯಾವ ಗಂಡನಿಗೆ ಅದಿಲ್ಲ ಎಂದು ಇವಳು ಬಿಡುಗಡೆ ಕೇಳುತ್ತಿದ್ದಾಳೋ, ಬಿಡುಗಡೆ ಸಿಗಬೇಕಾದರೆ ಅವನು ಅದನ್ನೇ ತೆರೆಯಬೇಕು. ಚರ್ಚಾಸ್ಪರ್ಧೆಯಲ್ಲಿ ಇಂಥ ವಿಷಯ ಕೊಟ್ಟಿದ್ದರೆ ತೀರ್ಪುಗಾರರ ಮೇಲೇ ದೂರು ಕೊಡುತ್ತಿದ್ದೆ.

ಆಶ್ಚರ್ಯವೆಂದರೆ ದೊಡ್ಡಪ್ಪ ಮೊದಲು ಒಪ್ಪಿಬಿಟ್ಟರು. ತಮ್ಮ ವಕೀಲರನ್ನು ಕರೆದುಕೊಂಡು ಬಂದು, ಲೋಕೇಶನ ಹೆಗಲ ಮೇಲೆ ಕೈಯಿಟ್ಟು, "ಹಾಕ್ಲಾ ಸಹಿ" ಎಂದರು. ಅವನು ಹಾಕಿದ. ಮೊದಲ ಹೇಳಿಕೆಯ ದಿನ ನ್ಯಾಯಾಧೀಶರು ಲೋಕೇಶನನ್ನು, "ನಿಮ್ಮ ಇಚ್ಛೆಯಿಂದಲೇ ಬಂದಿದ್ದೀರಾ?" ಎಂದು ಕೇಳಿದರೆ ಹಿಂದಿನ ಬೆಂಚಿನಿಂದ ಮರುಳಪ್ಪನವರು ಎದ್ದು ನಿಂತು, "ಹೌದು ಸ್ವಾಮಿ, ನಾನು ಇವ್ನ ದೊಡ್ಡಪ್ಪ" ಎಂದರು.

"ನಿಮ್ಮನ್ನಲ್ಲ, ಅವರನ್ನ ಕೇಳಿದ್ದು. ಕೂತ್ಕೊಳ್ಳಿ."

ನಾನು ಹಲ್ಲು ಕಚ್ಚಿ ನಗು ತಡೆದೆ. ಲೋಕೇಶ ಮೆಲ್ಲಗೆ ಹೌದು ಎಂದ ಮೇಲೆ ಮುಂದಿನ ಪ್ರಶ್ನೆ ವನಜಾಕ್ಷಿಗೆ. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು, "ನನ್ನ ಕಕ್ಷಿದಾರರು ಸ್ವಇಚ್ಛೆಯಿಂದ, ಯಾವುದೇ ಒತ್ತಡವಿಲ್ಲದೆ..." ಎಂದು ಶುರುಮಾಡಿದೆ.

"ನೀವೂ ಕೂತ್ಕೊಳ್ಳಿ ಮೇಡಂ," ಎಂದರು ನ್ಯಾಯಾಧೀಶರು. "ಇವತ್ತು ಈ ಕೋರ್ಟಿಗೆ ಎರಡು ದೊಡ್ಡಪ್ಪ ಬೇಡ."

ಕೋರ್ಟ್ ಹಾಲ್ ಗೊಳ್ಳೆಂದಿತು. ಅಂದಿನಿಂದ ವಕೀಲರ ಕೊಠಡಿಯಲ್ಲಿ ನನ್ನ ಹೆಸರು ಲೇಡಿ ದೊಡ್ಡಪ್ಪ. ಇದನ್ನು ನಿಮಗೆ ಹೇಳುವ ಉದ್ದೇಶ ಇಷ್ಟೆ: ಬೇರೆಯವರ ಪರವಾಗಿ ಮಾತಾಡುವುದು ನಮ್ಮ ಅನ್ನ, ನಿಜ. ಆದರೆ ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದಕ್ಕೆ ಕಾಲೇಜಿನಲ್ಲಿ ಅಂಕ ಕೊಡುವುದಿಲ್ಲ.

ಆರು ತಿಂಗಳು ಕಳೆಯಿತು. ಎರಡನೇ ಹೇಳಿಕೆಯ ದಿನ ಬಂತು. ವನಜಾಕ್ಷಿ ಒಪ್ಪಿಗೆ ಎಂದಳು. ಲೋಕೇಶ ತಲೆ ತಗ್ಗಿಸಿ, ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿ, "ಇನ್ನ ಸ್ವಲ್ಪ ಟೈಮ್ ಬೇಕು ಸ್ವಾಮಿ" ಎಂದ. ವನಜಾಕ್ಷಿ ತಿರುಗಿ ನನ್ನನ್ನು ನೋಡಿದಳು. ನ್ಯಾಯಾಧೀಶರು ಇಬ್ಬರನ್ನೂ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರು.

ಹೊರಗೆ ಹುಣಸೆ ಮರದ ಕೆಳಗೆ ಮರುಳಪ್ಪನವರನ್ನು ಹಿಡಿದೆ.

"ಏನ್ರೀ ಇದು? ಆರು ತಿಂಗಳ ಹಿಂದೆ ಸರಿ ಅಂದೋರು ನೀವೇ ಅಲ್ವಾ?"

"ಅಂದಿದ್ದೆ ಕಣಮ್ಮ ಲಾಯರಮ್ಮ. ಕೋರ್ಟು ಕೇಸು ಅಂದ್ರೆ ಹೆದ್ರಿಕಂಡು ವಾಪಸ್ ಬತ್ತಾಳೆ ಅಂದ್ಕಂಡಿದ್ದೆ. ಇವ್ಳು ನೋಡಿದ್ರೆ ಪ್ರತಿ ಸಲ ನಮಗಿಂತ ಮುಂಚೆ ಬಂದು ಕೂತಿರ್ತಾಳೆ!"

"ಬರಲ್ಲ ಅಂತ ಈಗ ಗೊತ್ತಾಯ್ತಲ್ಲ, ಬಿಡಿ ಮತ್ತೆ."

"ನೋಡವ್ವ, ಕಾಯಿ ಅಟ್ಟಕ್ಕೆ ಹಾಕಿದ್ಮೇಲೆ ಅವಸರ ಮಾಡಿ ಇಳಿಸ್ಬಾರ್ದು. ಒಣಗ್ಬೇಕು. ಇನ್ನೊಂದ್ ವರ್ಷ ಹೋಗ್ಲಿ, ಮನಸ್ಸು ತಾನೇ ಸರಿಹೋಗುತ್ತೆ."

"ಅವರೇನು ಕೊಬ್ಬರಿನಾ?"

"ಕೊಬ್ಬರಿ ಆಗಿದ್ರೆ ನಂಗೆ ಗೊತ್ತಾಗ್ತಿತ್ತಮ್ಮ," ಎಂದರು ಅವರು, ನಿಜವಾಗಿಯೂ ಬೇಜಾರಿನಿಂದ.

ಅವತ್ತು ವನಜಾಕ್ಷಿ ಬಸ್ಸಿಗೆ ಹೋಗುವ ಮುಂಚೆ ನನ್ನನ್ನು ಕೇಳಿದಳು: "ಅವ್ರು ಒಲ್ಲೆ ಅಂದ್ರೆ ಮುಂದೇನು ಮೇಡಂ?" ಸುಳ್ಳು ಹೇಳಲಾಗಲಿಲ್ಲ. ಈ ಅರ್ಜಿ ಬೀಳುತ್ತದೆ, ಹೊಸದಾಗಿ ನೀವೊಬ್ಬರೇ ಹಾಕಬೇಕು, ಕ್ರೌರ್ಯ ಸಾಬೀತು ಮಾಡಬೇಕು, ಎಷ್ಟು ವರ್ಷವೋ ಹೇಳಲಾರೆ ಎಂದೆ. ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. "ಅಲ್ಲೀಗಂಟ ನಾನು ಯಾರ ಮನೆಯೋಳು ಅಂತ ಬರ್ಕೋಬೇಕು?" ಎಂದಳು. ಇದನ್ನು ಯಾವ ಕಲಂನಲ್ಲಿ ಹುಡುಕಲಿ ಎಂದು ಕೈಯಲ್ಲಿದ್ದ ಫೈಲನ್ನೇ ತಿರುವಿಹಾಕಿದೆ.

ಮಧ್ಯಸ್ಥಿಕೆ ಎಂದರೆ ರಾಜಿ ಪಂಚಾಯ್ತಿಯಲ್ಲ. ಒಂದು ಕೋಣೆ, ತರಬೇತಿ ಪಡೆದ ಮಧ್ಯಸ್ಥರು, ಗಂಡ ಹೆಂಡತಿ, ಜೊತೆಗೆ ಅವರ ವಕೀಲರು. ಅಲ್ಲಿ ಆಡಿದ ಮಾತನ್ನು ಹೊರಗೆ ಸಾಕ್ಷಿಯಾಗಿ ಬಳಸುವಂತಿಲ್ಲ. ಹಾಗಾಗಿ ಇಬ್ಬರ ನಡುವಿನ ಮಾತೇನನ್ನೂ ನಾನಿಲ್ಲಿ ಬರೆಯುವುದಿಲ್ಲ. ಮೂರನೆಯವರ ಮಾತನ್ನು ಬರೆಯಲು ಅಡ್ಡಿಯಿಲ್ಲ ಎಂದು ನನ್ನ ವಾದ.

ಮರುಳಪ್ಪನವರನ್ನು ಬಾಗಿಲಲ್ಲೇ ತಡೆದರು. ಅವರು ತಕರಾರಿಲ್ಲದೆ ಹೊರಗೆ ಕೂತರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಒಳಗೆ ಮಧ್ಯಸ್ಥರು ಲೋಕೇಶನನ್ನು ಏನೋ ಕೇಳಿದರು. ಅವನು ಸುಮ್ಮನಿದ್ದ. ಇನ್ನೊಮ್ಮೆ ಕೇಳಿದರು. ಸುಮ್ಮನಿದ್ದ. ಆಗ ಅವನ ಎದೆಯೊಳಗಿಂದ ಒಂದು ಕೆಮ್ಮು ಕೇಳಿಸಿತು. ಅವನ ಬಾಯಿ ಮುಚ್ಚಿಯೇ ಇತ್ತು.

ಎಲ್ಲರೂ ಅವನನ್ನೇ ನೋಡಿದೆವು. ಅಂಗಿಯ ಜೇಬು ಮಾತಾಡಿತು: "ಯೋಚ್ನೆ ಮಾಡಿ ಹೇಳ್ತೀನಿ ಅನ್ಲಾ!"

ಲೋಕೇಶ ಕೂಡಲೇ, "ಯೋಚ್ನೆ ಮಾಡಿ ಹೇಳ್ತೀನಿ" ಎಂದ.

ಮಧ್ಯಸ್ಥರು ವಯಸ್ಸಾದ ಹೆಂಗಸು, ಬಹಳ ತಾಳ್ಮೆಯವರು. ಎದ್ದು ಹೋಗಿ ಅವನ ಜೇಬಿನಿಂದ ಮೊಬೈಲ್ ತೆಗೆದು, "ಮರುಳಪ್ಪನೋರೆ, ನಮಸ್ಕಾರ" ಎಂದರು. ಆ ಕಡೆಯಿಂದ, "ನಮಸ್ಕಾರ ತಾಯಿ, ಊಟ ಆಯ್ತಾ?" ಎಂದು ಬಂತು. ವನಜಾಕ್ಷಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ರಾಜಿಯಾಗಲಿಲ್ಲ ಎಂಬ ಎರಡು ಸಾಲಿನ ವರದಿ ಕೋರ್ಟಿಗೆ ಹೋಯಿತು.

ಕೊನೆಯ ವಾಯಿದೆಯ ದಿನ ನ್ಯಾಯಾಧೀಶರು ಇಬ್ಬರನ್ನೂ ತಮ್ಮ ಚೇಂಬರಿಗೆ ಕರೆದರು. ಮೊಬೈಲುಗಳನ್ನು ಹೊರಗೇ ಇಡಿಸಿದರು. ಬಾಗಿಲು ಹಾಕಿಸಿದರು. ವಕೀಲರು ಗೋಡೆಯ ಪಕ್ಕ ನಿಲ್ಲಬಹುದು, ಮಾತಾಡುವಂತಿಲ್ಲ. ಹಾಗೆ ಹೇಳುವಾಗ ಅವರು ನನ್ನೊಬ್ಬಳನ್ನೇ ನೋಡಿದರು.

ವನಜಾಕ್ಷಿ ಮತ್ತೆ ಒಪ್ಪಿಗೆ ಎಂದಳು. ದನಿ ಗಟ್ಟಿಯಾಗಿತ್ತು. ಕೈಬೆರಳುಗಳು ಮಾತ್ರ ಕುರ್ಚಿಯ ಅಂಚನ್ನು ಬಿಡುತ್ತಿರಲಿಲ್ಲ.

"ಲೋಕೇಶ್, ನೀವು ಹೇಳಿ. ನಿಮಗೆ ಒಪ್ಪಿಗೆ ಇದೆಯಾ?"

ಅವನು ಬಾಗಿಲ ಕಡೆ ತಿರುಗಿದ. ಮರದ ಬಾಗಿಲು, ಅದರಲ್ಲಿ ದೊಡ್ಡಪ್ಪ ಇರಲಿಲ್ಲ. ಕಿಟಕಿ ನೋಡಿದ. ಅಂಗಿಯ ಜೇಬು ಮುಟ್ಟಿಕೊಂಡ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತರು, ತಮಗೆ ಈ ದಿನ ಬೇರೆ ಕೆಲಸವೇ ಇಲ್ಲ ಎನ್ನುವ ಹಾಗೆ. ನನ್ನ ಬಾಯಿಯಲ್ಲಿ ಮೂರು ವಾದಗಳು ಸಿದ್ಧವಾಗಿ ಒಂದನ್ನೊಂದು ನೂಕಾಡುತ್ತಿದ್ದವು. ನಾಲಿಗೆ ಕಚ್ಚಿಕೊಂಡೆ.

"ನಂಗೆ ಇಷ್ಟ ಇಲ್ಲ ಸ್ವಾಮಿ," ಎಂದ ಲೋಕೇಶ.

ಹೋಯಿತು, ಎಂದುಕೊಂಡೆ. ವನಜಾಕ್ಷಿ ತಟ್ಟನೆ ತಲೆಯೆತ್ತಿ ಅವನನ್ನು ನೋಡಿದಳು.

"ಇವ್ಳು ಹೋಗದು ನಂಗೆ ಇಷ್ಟ ಇಲ್ಲ. ಆದ್ರೆ ಇರು ಅನ್ನಕ್ಕೆ ನಂಗೆ ಮುಖ ಇಲ್ಲ. ಇವ್ಳು ಕೇಳ್ದಾಗ್ಲೆಲ್ಲ ನಾನು ಏನೂ ಹೇಳ್ಲಿಲ್ಲ. ಇದೊಂದ್ ಕೇಳವ್ಳೆ. ಇದಾದ್ರೂ ಕೊಡ್ತೀನಿ."

ನ್ಯಾಯಾಧೀಶರು ಕೆಳಗಿಟ್ಟಿದ್ದ ಪೆನ್ನನ್ನು ಎತ್ತಿಕೊಂಡರು.

"ಹೀಗೆ ಹೇಳು ಅಂತ ಯಾರಾದರೂ ಒತ್ತಾಯ ಮಾಡಿದ್ದಾರಾ?" ನ್ಯಾಯಾಧೀಶರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ.

"ಇಲ್ಲ ಸ್ವಾಮಿ. ದೊಡ್ಡಪ್ಪ ಒಲ್ಲೆ ಅನ್ನು ಅಂದವ್ರೆ."

"ಮತ್ತೆ?"

"ನಾನು ಒಪ್ಪಿದೀನಿ. ಬರ್ಕಳಿ."

ಬರೆದುಕೊಂಡರು. ಇಬ್ಬರೂ ಸಹಿ ಹಾಕಿದರು. ಡಿಕ್ರಿ ಆಯಿತು. ಎದುರು ವಕೀಲರು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದರೆ ಧೂಳು ಎಂದರು.

ಹೊರಗೆ ಮರುಳಪ್ಪನವರು ಎದ್ದು ಬಂದರು. "ಏನಂದ್ಲಾ ಒಳಗೆ?"

ಲೋಕೇಶ ಅವರ ಕೈಯಿಂದ ತನ್ನ ಮೊಬೈಲ್ ಇಸಿದುಕೊಂಡು, "ಹೇಳಬೇಕಾದ್ದು ಹೇಳ್ದೆ ಬುಡು ದೊಡ್ಡಪ್ಪ" ಎಂದು ಮುಂದೆ ನಡೆದ. ಮರುಳಪ್ಪನವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆಮೇಲೆ ಇಬ್ಬರು ದೊಡ್ಡಪ್ಪಂದಿರೂ ಅವನು ಗೇಟು ದಾಟುವುದನ್ನು ನೋಡುತ್ತಾ ನಿಂತೆವು.

ವನಜಾಕ್ಷಿಯ ಜೊತೆ ನಾನು ಬಸ್ ನಿಲ್ದಾಣದವರೆಗೆ ನಡೆದೆ. ದಾರಿಯುದ್ದಕ್ಕೂ ಡಿಕ್ರಿಯ ದೃಢೀಕೃತ ಪ್ರತಿಗೆ ಯಾವಾಗ ಅರ್ಜಿ ಹಾಕಬೇಕು, ಆಧಾರ್ ಕಾರ್ಡಿನಲ್ಲಿ ಹೆಸರು ಹೇಗೆ ಬದಲಿಸಬೇಕು ಎಂದು ಹೇಳುತ್ತಾ ಹೋದೆ. ಅವಳು ಹೂಂಗುಟ್ಟುತ್ತಿದ್ದಳು. ಮಾಯಸಂದ್ರದ ಬಸ್ಸು ನಿಂತಿತ್ತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಗೆದ್ದ ಕೇಸು, ನಮಸ್ಕಾರ ಹೇಳಿ ಬರಬೇಕಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ಕೇಳಿಯೇಬಿಟ್ಟೆ:

"ವನಜಾಕ್ಷಿ, ಒಳಗೆ ಅವರು ಇಷ್ಟ ಇಲ್ಲ ಅಂದಾಗ ತಲೆಯೆತ್ತಿ ನೋಡಿದ್ರಲ್ಲ, ಆ ಒಂದು ಗಳಿಗೆ ಈ ಕೇಸು ಬಿದ್ದೋಗ್ಲಿ ಅಂತ ಅನ್ನಿಸ್ತಾ ನಿಮಗೆ?"

ಅವಳು ಕಿಟಕಿಯಾಚೆಯಿಂದ ನಕ್ಕು, "ದೊಡ್ಡಪ್ಪನ್ನ ಕೇಳಿ ಹೇಳ್ತೀನಿ ಮೇಡಂ" ಎಂದಳು.